ಲೈಸೆನ್ಸ್‌ನಲ್ಲಿ ಓ, ಆಸ್ಪತ್ರೆಯಲ್ಲಿ ಬಿ: ರಕ್ತದ ಗುಂಪು ಬದಲಾಗುತ್ತದಾ?

ಬ್ಯಾಡಗಿಯಲ್ಲಿ ನಮ್ಮ ಕಾಕಾನದು ಮೆಣಸಿನಕಾಯಿ ದಲಾಲಿ ಅಂಗಡಿ. ಅವರಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಹುಬ್ಬಳ್ಳಿಗೆ ಕರೆತಂದು ಸೇರಿಸಿದೆವು. ಬೆಳಿಗ್ಗೆ ರಕ್ತ ತೆಗೆದುಕೊಂಡು ಹೋದ ಸಿಸ್ಟರ್ ಸಂಜೆ ರಿಪೋರ್ಟ್ ತಂದು ಫೈಲಿಗೆ ಸಿಕ್ಕಿಸಿದರು. ಕಾಕಾ ಸುಮ್ನೆ ಕೂರುವ ಜೀವ ಅಲ್ಲ. ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ಓದಿದರು. ಕೆಳಗೆ 'ಬಿ ಪಾಸಿಟಿವ್' ಅಂತಿತ್ತು. ಅಂಗಿ ಜೇಬಿನಿಂದ ಡ್ರೈವಿಂಗ್ ಲೈಸೆನ್ಸ್ ತೆಗೆದು ಪಕ್ಕಕ್ಕಿಟ್ಟರು. ಅದರಲ್ಲಿ 'ಓ ಪಾಸಿಟಿವ್'.

"ಏನ್ರಿ ಸಿಸ್ಟರ್, ಇಪ್ಪತ್ತ ವರ್ಷಾತು, ನಂದು ಓ. ಈಗ ಬಿ ಹೆಂಗಾತು? ಶುಗರ್ ಗುಳಿಗಿ ತಗೊಂಡು ರಕ್ತನ ಬದಲಾತೇನು?"

ಸಿಸ್ಟರ್ ವಾದಕ್ಕಿಳಿಯಲಿಲ್ಲ. ಮತ್ತೊಮ್ಮೆ ರಕ್ತ ತೆಗೆದರು. ಮತ್ತೆ ಬಿ ಪಾಸಿಟಿವ್ ಎಂದೇ ಬಂತು. ರಾತ್ರಿ ಊಟದ ಹೊತ್ತಿಗೆ ಕಾಕಾಗೆ ಹಳೆಯದೆಲ್ಲ ನೆನಪಾಯಿತು. ಲೈಸೆನ್ಸ್ ಮಾಡಿಸುವಾಗ ಅರ್ಜಿ ತುಂಬುತ್ತಿದ್ದ ಏಜೆಂಟ್ "ಬ್ಲಡ್ ಗ್ರೂಪ್ ಯಾವದ್ರಿ?" ಅಂತ ಕೇಳಿದ್ದನಂತೆ. "ಯಾರಿಗ್ಗೊತ್ತೋ ಮಾರಾಯಾ" ಅಂದಿದ್ದರಂತೆ ಇವರು. "ಭಾಳ ಮಂದಿದು ಓ ಪಾಸಿಟಿವ್ ಇರತೈತ್ರಿ, ಅದನ್ನ ಬರದೇನಿ" ಅಂತ ಆತ ಬರೆದುಕೊಂಡಿದ್ದ. ಅಷ್ಟೇ. ಇಪ್ಪತ್ತು ವರ್ಷ ಕಾಕಾ ಓ ಗುಂಪಿನವರಾಗಿ ಬದುಕಿದ್ದು ಹೀಗೆ.

'ನನ್ನ ಗುಂಪು ಬದಲಾಗಿದೆ' ಎನ್ನುವವರು ನಮ್ಮ ಕಡೆ ಕಡಿಮೆಯೇನಿಲ್ಲ. ಹೆರಿಗೆಯಾದ ಮೇಲೆ ಬದಲಾಯಿತು, ಡೆಂಗಿಗೆ ಬಾಟಲಿ ಏರಿಸಿದ ಮೇಲೆ ಬದಲಾಯಿತು, ಲಸಿಕೆ ಹಾಕಿಸಿಕೊಂಡ ಮೇಲೆ ಬದಲಾಯಿತು ಎನ್ನುತ್ತಾರೆ. ವಾಟ್ಸಾಪಿನಲ್ಲಂತೂ ಊಟ ಬದಲಿಸಿ ಗುಂಪು ಬದಲಿಸಿದವರೂ ಸಿಗುತ್ತಾರೆ. ಇಂಥ ಸುದ್ದಿ ಕೇಳಿದಾಗ ನಾನು ಮೊದಲು ಕೇಳುವುದು ಇಷ್ಟೇ: ಹಳೇ ಗುಂಪು ಎಲ್ಲಿ ಬರೆದಿತ್ತು, ಅದನ್ನು ಬರೆದವರು ಯಾರು? ನೂರರಲ್ಲಿ ತೊಂಬತ್ತೊಂಬತ್ತು ಕಡೆ ಕಥೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಈ ತೊಂಬತ್ತೊಂಬತ್ತು ಲೆಕ್ಕ ಹಾಕಿ ಹೇಳಿದ್ದಲ್ಲ, ಮಾತಿಗೆ ಹೇಳಿದ್ದು. ಆದರೆ ಉಳಿದ ಆ ಒಂದು ಸುಳ್ಳಲ್ಲ. ನಿಜವಾಗಿಯೂ ಗುಂಪು ಬದಲಾದವರು ಲೋಕದಲ್ಲಿ ಇದ್ದಾರೆ.

ಮೊದಲು ಗುಂಪು ಅಂದರೆ ಏನು ಅಂತ ನೋಡೋಣ. ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಸಣ್ಣ ಸಣ್ಣ ಸರಪಳಿಗಳಿರುತ್ತವೆ. ಅವನ್ನು ಗೋಡೆಗೆ ಹೊಡೆದ ಗೂಟ ಅಂದುಕೊಳ್ಳಿ. ಈ ಗೂಟಕ್ಕೆ ಎಚ್ ಅಂತ ಹೆಸರು. ಅದು ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಎ ಗುಂಪಿನವರ ಗೂಟಕ್ಕೆ ಒಂದು ಬಗೆಯ ಸಕ್ಕರೆ ನೇತುಬಿದ್ದಿರುತ್ತದೆ. ಬಿ ಗುಂಪಿನವರದಕ್ಕೆ ಇನ್ನೊಂದು ಬಗೆ. ಎಬಿ ಅಂದರೆ ಎರಡೂ. ಓ ಅಂದರೆ ಖಾಲಿ ಗೂಟ. ಯಾವುದನ್ನು ನೇತುಹಾಕಬೇಕು ಅಂತ ಹೇಳುವ ಜೀನ್ ನಮ್ಮ 9ನೇ ಕ್ರೋಮೋಸೋಮಿನಲ್ಲಿದೆ. ಅಪ್ಪನಿಂದ ಒಂದು, ಅವ್ವನಿಂದ ಒಂದು ಬಂದಿರುತ್ತದೆ. ಪಾಸಿಟಿವ್, ನೆಗೆಟಿವ್ ಅನ್ನುವುದು ಬೇರೆಯೇ ಲೆಕ್ಕ. ಅದು ಡಿ ಅನ್ನುವ ಪ್ರೋಟೀನು ಇದೆಯೋ ಇಲ್ಲವೋ ಅನ್ನುವ ಮಾತು. ಅದರ ಜೀನ್ ಇರುವುದು 1ನೇ ಕ್ರೋಮೋಸೋಮಿನಲ್ಲಿ.

ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಮೂಳೆಯೊಳಗಿನ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣ ಹುಟ್ಟಿಸುತ್ತಲೇ ಇರುತ್ತದೆ. ಪ್ರತಿ ಕಣವೂ ಅದೇ ಜೀನ್ ನೋಡಿಕೊಂಡೇ ತಯಾರಾಗುತ್ತದೆ. ಹಾಗಾಗಿ ನೀವು ರೊಟ್ಟಿ ತಿನ್ನಿ, ಅನ್ನ ತಿನ್ನಿ, ಮಾಂಸ ಬಿಡಿ, ಶುಗರ್ ಗುಳಿಗೆ ನುಂಗಿ, ಗೂಟಕ್ಕೆ ನೇತುಬೀಳುವುದು ಅದೇ ಸಕ್ಕರೆ. ಗುಂಪು ಬದಲಾಗಬೇಕಾದರೆ ಕಣ ತಯಾರಿಸುವ ಕಾರ್ಖಾನೆಯೇ ಬದಲಾಗಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಕಾಗದದಲ್ಲಿ ಇಷ್ಟು ಗೊಂದಲ ಹೇಗೆ ಬರುತ್ತದೆ? ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಸರಿಯಾಗಿ ಹೇಳಬೇಕೆಂದರೆ, ನಾನೇ ಮಾಡಿದ್ದೇನೆ. ಧಾರವಾಡದಲ್ಲಿ ಕಾಲೇಜು ಓದುವಾಗ ಒಂದು ಗುಂಪು ಪರೀಕ್ಷೆ ಶಿಬಿರದಲ್ಲಿ ಹೆಸರು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಏಪ್ರಿಲ್ ತಿಂಗಳು, ತಗಡಿನ ಶೆಡ್ಡು, ಮೇಲೆ ಗರಗರ ತಿರುಗುವ ಫ್ಯಾನು. ಬಿಳಿ ಟೈಲ್ಸಿನ ಮೇಲೆ ಮೂರು ಕಡೆ ರಕ್ತದ ಹನಿ. ಒಂದಕ್ಕೆ ನೀಲಿ ಔಷಧ, ಒಂದಕ್ಕೆ ಹಳದಿ, ಒಂದಕ್ಕೆ ಬಣ್ಣವಿಲ್ಲದ್ದು. ಕಡ್ಡಿಯಿಂದ ಕಲಸಿ ಟೈಲ್ಸನ್ನು ಆಚೀಚೆ ವಾಲಿಸುತ್ತಾರೆ. ಹಾಲು ಒಡೆದ ಹಾಗೆ ರಕ್ತ ಹರಳು ಹರಳಾದರೆ ಆ ಗುರುತು ಇದೆ ಅಂತ ಅರ್ಥ. ನೀಲಿಯಲ್ಲಿ ಒಡೆದರೆ ಎ, ಹಳದಿಯಲ್ಲಿ ಒಡೆದರೆ ಬಿ, ಎರಡರಲ್ಲೂ ಒಡೆಯದಿದ್ದರೆ ಓ. ಬಣ್ಣವಿಲ್ಲದ್ದರಲ್ಲಿ ಒಡೆದರೆ ಪಾಸಿಟಿವ್.

ಕೇಳಲು ಸುಲಭ. ಆದರೆ ಇದನ್ನು ಒಂದೆರಡು ನಿಮಿಷದಲ್ಲೇ ನೋಡಿ ಹೇಳಬೇಕು. ತಡವಾದರೆ ಫ್ಯಾನಿನ ಗಾಳಿಗೆ ಹನಿಯ ಅಂಚು ಒಣಗಿ, ಅದೂ ಹರಳಿನ ಹಾಗೆಯೇ ಕಾಣುತ್ತದೆ. ಆ ಔಷಧವನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಬೆಳಗಿನಿಂದ ಮೇಜಿನ ಮೇಲೆ ಬಿಟ್ಟರೆ ಅದರ ಜೋರು ಇಳಿಯುತ್ತದೆ. ಕೆಲವು ಕಾಯಿಲೆಗಳಲ್ಲಿ ರಕ್ತದ ಪ್ರೋಟೀನು ಜಾಸ್ತಿಯಾಗಿ ಕಣಗಳು ಕಟಕ ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು ಕೂರುತ್ತವೆ. ಅದನ್ನೂ ಅವಸರದವರು ಒಡೆದಿದೆ ಅಂತಲೇ ಓದಿಬಿಡುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ಕಂಟಕ ನನ್ನಂಥ ಬರೆಯುವವನು. ಆ ದಿನ ನನ್ನ ಪಟ್ಟಿ ಹೇಗಿತ್ತು ಗೊತ್ತಾ? ಪಾಟೀಲ, ಪಾಟೀಲ, ಹಿರೇಮಠ, ಪಾಟೀಲ, ಬಡಿಗೇರ, ಪಾಟೀಲ. ಒಬ್ಬ ಪಾಟೀಲನ ಗುಂಪನ್ನು ಇನ್ನೊಬ್ಬ ಪಾಟೀಲನ ಮುಂದೆ ಬರೆದಿದ್ದೆ. ಅದು ಗೊತ್ತಾಗಿದ್ದು ಅವರಿಬ್ಬರೂ ಕಾರ್ಡು ಅದಲುಬದಲು ಮಾಡಿಕೊಂಡು ನಗುತ್ತಾ ವಾಪಸ್ ಬಂದಾಗ. ಒಬ್ಬನಿಗೆ ತನ್ನ ಗುಂಪು ಮೊದಲೇ ಗೊತ್ತಿತ್ತು, ಅದಕ್ಕೆ ಬಚಾವ್. ಗೊತ್ತಿಲ್ಲದೇ ಹೋಗಿದ್ದರೆ? ಇಬ್ಬರ ಐಡಿ ಕಾರ್ಡು, ಲೈಸೆನ್ಸು, ಮುಂದೆ ಮಕ್ಕಳ ಶಾಲೆಯ ಅರ್ಜಿ, ಎಲ್ಲದಕ್ಕೂ ಅದೇ ತಪ್ಪು ನಕಲಾಗುತ್ತಾ ಹೋಗುತ್ತಿತ್ತು. ಹದಿನೈದು ವರ್ಷದ ನಂತರ ಯಾವುದೋ ಆಸ್ಪತ್ರೆಯಲ್ಲಿ 'ನನ್ನ ರಕ್ತ ಬದಲಾಗಿದೆ' ಅಂತ ಪಾಟೀಲರು ಗಾಬರಿಯಾಗುತ್ತಿದ್ದರು.

ರಕ್ತ ಕೇಂದ್ರದವರು ಹೀಗೆ ಒಂದೇ ಕಡೆಯಿಂದ ನೋಡಿ ಬಿಡುವುದಿಲ್ಲ. (2020ರಲ್ಲಿ ನಿಯಮ ಬದಲಾದ ಮೇಲೆ ಕಾಗದದ ಮೇಲೆ ಅದರ ಹೆಸರು ರಕ್ತ ಕೇಂದ್ರ. ನಮ್ಮ ಬಾಯಲ್ಲಿ ಈಗಲೂ ಬ್ಲಡ್ ಬ್ಯಾಂಕೇ.) ಅವರು ಎರಡು ಕಡೆಯಿಂದ ನೋಡುತ್ತಾರೆ. ಕಣದ ಮೇಲೆ ಏನಿದೆ ಅನ್ನುವುದು ಒಂದು. ರಕ್ತದ ನೀರಿನಲ್ಲಿ ಯಾವುದರ ವಿರುದ್ಧ ಪ್ರತಿಕಾಯ (ಪರಕೀಯ ಗುರುತನ್ನು ಹಿಡಿದು ಹೊಡೆಯುವ ಪ್ರೋಟೀನು) ಇದೆ ಅನ್ನುವುದು ಇನ್ನೊಂದು. ಎ ಗುಂಪಿನವರಲ್ಲಿ ಬಿ ವಿರುದ್ಧದ ಪ್ರತಿಕಾಯ ಇರಲೇಬೇಕು, ಬಿ ಗುಂಪಿನವರಲ್ಲಿ ಎ ವಿರುದ್ಧದ್ದು. 1900ರ ಸುಮಾರಿಗೆ ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಕಂಡುಕೊಂಡಿದ್ದು ಇದನ್ನೇ, ಅದಕ್ಕೆ 1930ರಲ್ಲಿ ನೊಬೆಲ್ ಬಂತು. ಎರಡೂ ಕಡೆಯ ಉತ್ತರ ತಾಳೆಯಾಗದಿದ್ದರೆ ಲ್ಯಾಬಿನವರು ಅಲ್ಲೇ ನಿಲ್ಲುತ್ತಾರೆ, ಹುಡುಕುತ್ತಾರೆ. ಇಷ್ಟಾದ ಮೇಲೂ ರಕ್ತ ಕೊಡುವ ಮುಂಚೆ ರೋಗಿಯ ರಕ್ತದ ಜೊತೆ ಬಾಟಲಿಯ ರಕ್ತವನ್ನು ಬೆರೆಸಿ ಕ್ರಾಸ್ ಮ್ಯಾಚ್ ಮಾಡುತ್ತಾರೆ. ನಿಮ್ಮ ಲೈಸೆನ್ಸ್ ನೋಡಿ ಯಾರೂ ರಕ್ತ ಏರಿಸುವುದಿಲ್ಲ. ಕಾಕಾ ಇಪ್ಪತ್ತು ವರ್ಷ ಆರಾಮಾಗಿ ಓಡಾಡಿದ್ದಕ್ಕೆ ಇದೂ ಒಂದು ಕಾರಣ.

ಈಗ ಸ್ವಲ್ಪ ಕಷ್ಟದ ಕಥೆ. ಗದಗಿನ ಬೆಟಗೇರಿಯಲ್ಲಿ ನಮ್ಮ ಚಿಗವ್ವನ ಮಗಳಿದ್ದಾಳೆ. ಕಾಲೇಜಿನಲ್ಲಿದ್ದಾಗ ಎರಡು ಸಲ ರಕ್ತ ಕೊಟ್ಟವಳು. ರಕ್ತ ಕೇಂದ್ರದವರು ಕೊಟ್ಟ ಕಾರ್ಡಿನಲ್ಲಿ 'ಎ ಪಾಸಿಟಿವ್'. ಮದುವೆಯಾಗಿ ಬಸಿರಾದಾಗ ತೋರಿಸಿದ ಕಡೆ 'ಎ ನೆಗೆಟಿವ್' ಅಂದರು. ಅವಳ ಅತ್ತೆ "ಬಸಿರಾದ ಮ್ಯಾಲೆ ರಕ್ತನೂ ಬದಲಾಗತೈತೇನ ಯವ್ವಾ?" ಅಂತ ಕೇಳಿದರಂತೆ. ಇವಳಿಗೆ ಯಾರು ಸರಿ ಅಂತ ತಿಳಿಯದೆ ನಿದ್ದೆ ಹೋಯಿತು. ಒಬ್ಬರು ಸರಿಯಿದ್ದರೆ ಇನ್ನೊಬ್ಬರು ತಪ್ಪು ತಾನೇ?

ಅಲ್ಲ. ಇಬ್ಬರೂ ಸರಿ.

ಡಿ ಪ್ರೋಟೀನು ಕೆಲವರಲ್ಲಿ ಇರುತ್ತದೆ, ಆದರೆ ತೀರಾ ಕಮ್ಮಿ ಇರುತ್ತದೆ. ಇದಕ್ಕೆ ವೀಕ್ ಡಿ ಅನ್ನುತ್ತಾರೆ. ಮಾಮೂಲಿ ಪರೀಕ್ಷೆಯಲ್ಲಿ ಇಂಥ ರಕ್ತ ಒಡೆಯದೇ ಹೋಗಬಹುದು, ಆಗ ನೆಗೆಟಿವ್ ಅಂತ ಬರುತ್ತದೆ. ರಕ್ತ ಕೊಡುವವರು ನೆಗೆಟಿವ್ ಅಂತ ಬಂದರೆ ರಕ್ತ ಕೇಂದ್ರದವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ರಕ್ತವನ್ನು ಮೈಬಿಸಿಯಷ್ಟು ಶಾಖದಲ್ಲಿಟ್ಟು, ತೊಳೆದು, ಬೇರೆ ಔಷಧ ಹಾಕಿ ಅಡಗಿರುವ ಡಿಯನ್ನೂ ಹೊರಗೆಳೆಯುತ್ತಾರೆ. ಚೂರು ಸಿಕ್ಕರೂ ಬಾಟಲಿಗೆ ಪಾಸಿಟಿವ್ ಚೀಟಿ. ಯಾಕೆಂದರೆ ಆ ಚೂರೇ ನಿಜವಾದ ನೆಗೆಟಿವ್ ರೋಗಿಯ ಮೈಯಲ್ಲಿ ಪ್ರತಿಕಾಯ ಹುಟ್ಟಿಸಬಹುದು. ಗರ್ಭಿಣಿಯ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಅವಳ ಡಿ ಅರೆಬರೆ ಆಗಿದ್ದರೆ, ಪೂರ್ತಿ ಡಿ ಇರುವ ಮಗುವಿನ ರಕ್ತವನ್ನು ಅವಳ ಮೈ ಪರಕೀಯ ಅಂತ ನೋಡಬಹುದು. ಅದಕ್ಕೆ ಅವಳನ್ನು ನೆಗೆಟಿವ್ ಎಂದುಕೊಂಡೇ ನೋಡಿಕೊಳ್ಳುವ ರೂಢಿ ಅನೇಕ ಕಡೆ ಇದೆ. ಎರಡೂ ಕಡೆ ಯೋಚನೆ ಒಂದೇ: ಯಾರಿಗೂ ಅಪಾಯ ಆಗಬಾರದು. ರಕ್ತ ಬದಲಾಗಿಲ್ಲ, ಪ್ರಶ್ನೆ ಬದಲಾಗಿದೆ.

ಈ ಪಾಸಿಟಿವ್, ನೆಗೆಟಿವ್ ವಿಷಯದಲ್ಲಿ ಮಾತ್ರ 'ಏನೋ ಒಂದು ಬರೆಯಿರಿ' ಅನ್ನುವ ಧಾಟಿ ನನಗೆ ಸಿಟ್ಟು ತರಿಸುತ್ತದೆ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದು ಜನ ಮಾತ್ರ ನೆಗೆಟಿವ್. ಹಾಗಾಗಿ ಊಹೆ ಮಾಡಿ ಬರೆಯುವವರು ಯಾವಾಗಲೂ ಪಾಸಿಟಿವ್ ಅಂತಲೇ ಬರೆಯುತ್ತಾರೆ. ನೆಗೆಟಿವ್ ಹೆಣ್ಣುಮಗಳೊಬ್ಬಳ ಕಾರ್ಡಿನಲ್ಲಿ ಹೀಗೆ ಪಾಸಿಟಿವ್ ಅಂತ ಬಿದ್ದು, ಅದನ್ನೇ ನಂಬಿ ಮತ್ತೆ ಪರೀಕ್ಷೆ ಮಾಡಿಸದೇ ಬಿಟ್ಟರೆ ಏನಾಗುತ್ತದೆ ನೋಡಿ. ಮೊದಲ ಹೆರಿಗೆ ಸಾಮಾನ್ಯವಾಗಿ ಸುಸೂತ್ರ. ಮಗು ಪಾಸಿಟಿವ್ ಇದ್ದರೆ ಹೆರಿಗೆ ಹೊತ್ತಿಗೆ ಅದರ ರಕ್ತ ತಾಯಿಯ ರಕ್ತಕ್ಕೆ ಸೇರಿ, ಅವಳಲ್ಲಿ ಪ್ರತಿಕಾಯ ಹುಟ್ಟಬಹುದು. ಎರಡನೇ ಮಗುವೂ ಪಾಸಿಟಿವ್ ಆಗಿದ್ದರೆ, ಅದು ಹೊಟ್ಟೆಯಲ್ಲಿದ್ದಾಗ ಅದೇ ಪ್ರತಿಕಾಯ ಮಗುವಿನ ಕೆಂಪು ಕಣಗಳನ್ನು ಹೊಡೆಯುತ್ತದೆ. ಮಗುವಿಗೆ ಜೋರು ಕಾಮಾಲೆ, ರಕ್ತಹೀನತೆ, ಕೆಲವು ಸಲ ಹೊಟ್ಟೆಯಲ್ಲೇ ಸಾವು. ಇದನ್ನು ತಡೆಯುವ ಆಂಟಿ-ಡಿ ಇಂಜೆಕ್ಷನ್ 1968ರಿಂದಲೇ ಬಳಕೆಯಲ್ಲಿದೆ. 28ನೇ ವಾರದ ಸುಮಾರಿಗೆ ಒಂದು, ಮಗು ಪಾಸಿಟಿವ್ ಇದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಗರ್ಭಪಾತ ಆದರೂ ಬೇಕು. ಇಂಜೆಕ್ಷನ್ ಸಿಗುತ್ತದೆ. ಆದರೆ ಕಾರ್ಡಿನಲ್ಲಿ ತಪ್ಪಿದ್ದರೆ ಅದನ್ನು ಕೇಳುವವರೇ ಇರುವುದಿಲ್ಲ.

ಇನ್ನೊಂದು ಕಡೆಯೂ ತಪ್ಪು ಗುಂಪು ಮನೆ ಮುರಿಯುತ್ತದೆ. ಅದರ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಅಪ್ಪ ಓ, ಅವ್ವ ಓ, ಮಗು ಮಾತ್ರ ಬಿ. ಶಾಲೆಯ ಪಠ್ಯದ ಲೆಕ್ಕದಲ್ಲಿ ಇದು ಆಗಕೂಡದು. ಆಗ ಮನೆಯವರ ಕಣ್ಣು ಮೊದಲು ಯಾರ ಮೇಲೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಾ? ಮಗುವಿನ ಅವ್ವನ ಮೇಲೆ. ಮೂರರಲ್ಲಿ ಒಂದು ಕಾರ್ಡು ತಪ್ಪಿರಬಹುದು ಅನ್ನುವ ಯೋಚನೆ ಆಮೇಲೆ ಬರುತ್ತದೆ, ಬಂದರೆ.

ಮೂರೂ ಕಾರ್ಡು ಸರಿಯಿದ್ದು ಲೆಕ್ಕ ತಪ್ಪುವುದೂ ಉಂಟು. 1952ರಲ್ಲಿ ಮುಂಬೈನಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಅವರ ಜೊತೆಗಾರರು ಒಂದು ವಿಚಿತ್ರ ರಕ್ತ ಕಂಡರು. ಕಣದ ಮೇಲೆ ನೋಡಿದರೆ ಎನೂ ಇಲ್ಲ, ಬಿನೂ ಇಲ್ಲ. ಹಾಗಾದರೆ ಓ ಆಗಬೇಕಲ್ವಾ? ಆದರೆ ಓ ಗುಂಪಿನ ರಕ್ತವನ್ನು ಬೆರೆಸಿದರೂ ಒಡೆಯುತ್ತಿತ್ತು. ಇವರಲ್ಲಿ ನೇತುಹಾಕಲು ಗೂಟವೇ ಇರಲಿಲ್ಲ. ಸಿಕ್ಕಿದ್ದು ಮುಂಬೈನಲ್ಲಿ, ಅಂದರೆ ಆಗಿನ ಬಾಂಬೆಯಲ್ಲಿ, ಅದಕ್ಕೇ ಇದಕ್ಕೆ ಬಾಂಬೆ ಬ್ಲಡ್ ಗ್ರೂಪ್ ಅಂತ ಹೆಸರು ಬಂತು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಹೀಗಿರುತ್ತಾರೆ ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಯುರೋಪಿನಲ್ಲಿ ಇನ್ನೂ ಎಷ್ಟೋ ಪಟ್ಟು ಅಪರೂಪ. ಇವರ ಜೀನ್‌ನಲ್ಲಿ ಬಿ ಇರಬಹುದು, ಸಕ್ಕರೆ ಹಚ್ಚುವ ಕೆಲಸಗಾರನೂ ಇರಬಹುದು. ಹಚ್ಚಲು ಜಾಗ ಇಲ್ಲ. ಆದರೆ ಆ ಬಿ ಜೀನ್ ಮಗುವಿಗೆ ಹೋಗಿ, ಮಗುವಿಗೆ ಇನ್ನೊಬ್ಬ ಪಾಲಕರಿಂದ ಗೂಟ ಸಿಕ್ಕರೆ, ಮಗು ಸೀದಾ ಬಿ ಗುಂಪು. 'ಓ' ಅಂತ ಚೀಟಿ ಇದ್ದ ಅಪ್ಪನಿಗೆ ಬಿ ಮಗು ಹುಟ್ಟಿದ್ದು ಹೀಗೂ ಇರಬಹುದು. ಈ ಗುಂಪು ಬರಬೇಕಾದರೆ ಅಪ್ಪ ಅವ್ವ ಇಬ್ಬರಿಂದಲೂ ಗೂಟದ ಜೀನಿನ ಕೆಟ್ಟ ಪ್ರತಿ ಬರಬೇಕು. ಸೋದರಮಾವನಿಗೆ ಕೊಡುವ, ಅತ್ತೆ ಮಗಳನ್ನು ತರುವ ನಮ್ಮ ಕಡೆಯ ಸಂಬಂಧಗಳಲ್ಲಿ ಅದರ ಸಾಧ್ಯತೆ ಸ್ವಲ್ಪ ಜಾಸ್ತಿಯೇ. ಟೈಲ್ಸಿನ ಮೇಲೆ ಒಂದೇ ಕಡೆಯಿಂದ ನೋಡುವ ಶಿಬಿರದಲ್ಲಿ ಇವರೆಲ್ಲ ಓ ಅಂತಲೇ ದಾಖಲಾಗುತ್ತಾರೆ. ಇವರಿಗೆ ಓ ರಕ್ತ ಏರಿಸಿದರೆ ಜೀವಕ್ಕೇ ಅಪಾಯ. ಇನ್ನೊಬ್ಬ ಬಾಂಬೆ ಗುಂಪಿನವರದೇ ಬೇಕು.

ಕೂಸುಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹುಟ್ಟಿದಾಗ ಎ, ಬಿ ಗುರುತುಗಳು ಪೂರ್ತಿ ಬೆಳೆದಿರುವುದಿಲ್ಲ. ಗಟ್ಟಿಯಾಗಲು ಎರಡು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಸ್ವಂತ ಪ್ರತಿಕಾಯ ಹುಟ್ಟುವುದು ಮೂರರಿಂದ ಆರು ತಿಂಗಳ ನಂತರ, ಅಲ್ಲಿವರೆಗೆ ಮೈಯಲ್ಲಿರುವುದು ಅವ್ವನದು. ಹಾಗಾಗಿ ಎರಡು ಕಡೆಯ ಪರೀಕ್ಷೆ ಕೂಸುಗಳಿಗೆ ನಡೆಯುವುದಿಲ್ಲ. ಹೊಕ್ಕುಳಬಳ್ಳಿಯ ರಕ್ತಕ್ಕೆ ಅದರ ಲೋಳೆ ಸೇರಿದರೂ ಸುಳ್ಳು ಹರಳು ಬರುತ್ತದೆ. ಹೆರಿಗೆ ಕೋಣೆಯ ಚೀಟಿ ನೋಡಿ ಶಾಲೆಯ ಐಡಿ ಕಾರ್ಡು ಮಾಡಿಸಿದ್ದರೆ, ಒಮ್ಮೆ ಮತ್ತೆ ನೋಡಿಸುವುದು ಒಳ್ಳೆಯದು.

ಇನ್ನು ನಿಜವಾಗಿ ಬದಲಾಗುವ ಕಥೆ.

ಮೊದಲು ಬಂದು ಹೋಗುವ ಬದಲಾವಣೆ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಅಪಘಾತ ಆಗಿ ಯಾರನ್ನೋ ತಂದರು ಅಂದುಕೊಳ್ಳಿ. ರಕ್ತ ಸುರಿದು ಹೋಗಿದೆ, ಗುಂಪು ನೋಡಲು ಪುರಸೊತ್ತಿಲ್ಲ. ಇಂಥ ಹೊತ್ತಿನಲ್ಲಿ ಓ ರಕ್ತ ಕೊಡುತ್ತಾರೆ. ಆತ ಎ ಗುಂಪಿನವನಾಗಿದ್ದರೆ, ಮಾರನೇ ದಿನ ಪರೀಕ್ಷೆ ಮಾಡಿದಾಗ ಅರ್ಧ ರಕ್ತ ಒಡೆಯುತ್ತದೆ, ಅರ್ಧ ಒಡೆಯುವುದಿಲ್ಲ. ಕೊಟ್ಟ ಕಣಗಳು ಬಂದ ಅತಿಥಿಗಳು, ನಾಲ್ಕು ತಿಂಗಳೊಳಗೆ ಸಾಯುತ್ತವೆ. ಆತ ಮತ್ತೆ ಎ. ಎಷ್ಟು ಬಾಟಲಿ ಏರಿಸಿದರೂ ಗುಂಪು ಕಾಯಂ ಬದಲಾಗುವುದಿಲ್ಲ. ಕಿಡ್ನಿ ಕಸಿ ಮಾಡಿಸಿಕೊಂಡರೂ ಇಲ್ಲ, ಕಿಡ್ನಿ ಕೆಂಪು ಕಣ ತಯಾರಿಸುವ ಜಾಗ ಅಲ್ಲ.

ಕೆಲವು ರಕ್ತ ಕ್ಯಾನ್ಸರುಗಳಲ್ಲಿ ಎ ಅಥವಾ ಬಿ ಗುರುತು ಮಸುಕಾಗಿ ಓ ಥರ ಕಾಣುತ್ತದೆ, ಕಾಯಿಲೆ ಇಳಿದರೆ ವಾಪಸ್ ಬರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರು ಅಥವಾ ಸೋಂಕು ಇದ್ದವರಲ್ಲಿ ಇನ್ನೊಂದು ಆಟ ನಡೆಯುತ್ತದೆ. ಎ ಸಕ್ಕರೆಗೂ ಬಿ ಸಕ್ಕರೆಗೂ ವ್ಯತ್ಯಾಸ ಒಂದು ಸಣ್ಣ ಬಾಲದ್ದು. ಕರುಳಿನ ಬ್ಯಾಕ್ಟೀರಿಯಾದ ಕಿಣ್ವ ಆ ಬಾಲದ ತುದಿ ಕತ್ತರಿಸಿದರೆ, ಎ ಗುಂಪಿನವರ ರಕ್ತ ಬಿ ಔಷಧದಲ್ಲೂ ಸ್ವಲ್ಪ ಒಡೆಯುತ್ತದೆ. ಪರೀಕ್ಷೆಯಲ್ಲಿ ಎಬಿ ಹಾಗೆ ಕಾಣುತ್ತದೆ. ಆದರೆ ಅವರ ರಕ್ತದ ನೀರಿನಲ್ಲಿ ಬಿ ವಿರುದ್ಧದ ಪ್ರತಿಕಾಯ ಹಾಗೇ ಇರುತ್ತದೆ. ಎರಡು ಕಡೆಯಿಂದ ನೋಡುವವರು ಇಲ್ಲಿ ಹಿಡಿಯುತ್ತಾರೆ. ಕಾಯಿಲೆ ವಾಸಿಯಾದರೆ ಇದೂ ಹೋಗುತ್ತದೆ.

ಕಾಯಂ ಬದಲಾಗುವುದು ಕಾರ್ಖಾನೆ ಬದಲಾದಾಗ. ಅಂದರೆ ಮಜ್ಜೆ ಕಸಿಯಾದಾಗ. ಲ್ಯುಕೇಮಿಯಾ, ಥಲಸ್ಸೇಮಿಯಾ ಇದ್ದವರಿಗೆ ಇದನ್ನು ಮಾಡುತ್ತಾರೆ. ಹಳೇ ಮಜ್ಜೆಯನ್ನು ಔಷಧದಿಂದ ಬರಿದು ಮಾಡಿ, ದಾನಿಯ ಬೀಜಕಣಗಳನ್ನು (ರಕ್ತಕಣ ಹುಟ್ಟಿಸುವ ಸ್ಟೆಮ್ ಸೆಲ್) ರಕ್ತದ ಥರವೇ ಡ್ರಿಪ್ಪಿನಲ್ಲಿ ಬಿಡುತ್ತಾರೆ. ಅವು ದಾರಿ ಹುಡುಕಿಕೊಂಡು ಮೂಳೆಯೊಳಗೆ ಹೋಗಿ ಬೀಡುಬಿಡುತ್ತವೆ. ಇಲ್ಲಿ ತಾಳೆಯಾಗಬೇಕಿರುವುದು ಎಚ್‌ಎಲ್‌ಎ ಅನ್ನುವ ಬೇರೆ ಗುರುತು. ಅದು ಇರುವುದು 6ನೇ ಕ್ರೋಮೋಸೋಮಿನಲ್ಲಿ. ಹಾಗಾಗಿ ಎ ಗುಂಪಿನ ಅಣ್ಣನಿಗೆ ಓ ಗುಂಪಿನ ತಂಗಿ ದಾನಿ ಆಗಬಹುದು. ವಾರಗಳು ಉರುಳಿದ ಹಾಗೆ ಅಣ್ಣನ ಎ ಕಣಗಳು ಸಾಯುತ್ತಾ, ಓ ಕಣಗಳು ಜಾಸ್ತಿಯಾಗುತ್ತಾ ಹೋಗುತ್ತವೆ. ಕೆಲವು ತಿಂಗಳಲ್ಲಿ ಆತ ಪೂರ್ತಿ ಓ. ಆತನ ರಕ್ತದಿಂದ ಡಿಎನ್‌ಎ ತೆಗೆದರೆ ಸಿಗುವುದು ತಂಗಿಯದು, ಹೆಣ್ಣಿನ ಎಕ್ಸ್ ಎಕ್ಸ್ ಸಮೇತ! ಆದರೆ ಚರ್ಮ, ಕರುಳು, ಉಳಿದ ಮೈಯೆಲ್ಲ ಇನ್ನೂ ಎ. ಎಷ್ಟೋ ಜನರ ಜೊಲ್ಲಿನಲ್ಲೂ ಗುಂಪಿನ ಗುರುತು ಇರುತ್ತದೆ, ಅವರಲ್ಲಿ ಜೊಲ್ಲು ಎ, ರಕ್ತ ಓ. ಮೈಯೆಲ್ಲ ಎ ಇರುವುದರಿಂದಲೇ, ಓ ಆದ ಮೇಲೂ ಆತನಲ್ಲಿ ಎ ವಿರುದ್ಧದ ಪ್ರತಿಕಾಯ ಸಾಮಾನ್ಯವಾಗಿ ಹುಟ್ಟುವುದಿಲ್ಲ. ಎರಡು ಕಡೆಯ ಪರೀಕ್ಷೆ ಇಲ್ಲಿ ಜೀವನಪೂರ್ತಿ ತಾಳೆಯಾಗದೆ ಉಳಿಯಬಹುದು. ಕಸಿಯಾಗಿದೆ ಅಂತ ಹೇಳದಿದ್ದರೆ ಲ್ಯಾಬಿನವರು ತಲೆ ಕೆರೆದುಕೊಳ್ಳುತ್ತಾರೆ.

ಇದಕ್ಕಿಂತ ವಿಚಿತ್ರ 2008ರಲ್ಲಿ ಆಸ್ಟ್ರೇಲಿಯಾದಿಂದ ವರದಿಯಾಯಿತು. ಒಂಬತ್ತು ವರ್ಷದ ಹುಡುಗಿಗೆ ಲಿವರ್ ಕಸಿ ಮಾಡಿದ್ದರು. ಅವಳು ಓ ನೆಗೆಟಿವ್, ಲಿವರ್ ಬಂದಿದ್ದು ಓ ಪಾಸಿಟಿವ್ ದಾನಿಯಿಂದ. ಆ ಲಿವರಿನ ಜೊತೆ ಬಂದ ಬೀಜಕಣಗಳು ಅವಳ ಮೂಳೆಗೆ ಹೋಗಿ ನೆಲೆಸಿದ್ದವು. ಹುಡುಗಿ ಓ ಪಾಸಿಟಿವ್ ಆದಳು. ಕಸಿ ಮಾಡಿಸಿಕೊಂಡವರು ಜೀವನಪೂರ್ತಿ ನುಂಗಬೇಕಾದ ಔಷಧವನ್ನೂ ಅವಳಿಗೆ ನಿಲ್ಲಿಸಿದರು. ಲಿವರ್ ಕಸಿಯಲ್ಲಿ ಸಾಮಾನ್ಯವಾಗಿ ಹೀಗೆ ಆಗುವುದಿಲ್ಲ, ಅದಕ್ಕೇ ಅದು ಸುದ್ದಿಯಾಯಿತು.

ಮಜ್ಜೆ ಕಸಿ ಇಲ್ಲದೆಯೂ ಎರಡು ಗುಂಪು ಹೊತ್ತು ಹುಟ್ಟುವವರಿದ್ದಾರೆ. 1953ರಲ್ಲಿ ಇಂಗ್ಲೆಂಡಿನಿಂದ ವರದಿಯಾದ ಒಬ್ಬ ಹೆಣ್ಣುಮಗಳ ಕಥೆ ನನಗೆ ಆಗಾಗ ನೆನಪಾಗುತ್ತದೆ. ರಕ್ತ ಕೊಡಲು ಬಂದವಳ ರಕ್ತದಲ್ಲಿ ಓ ಮತ್ತು ಎ ಎರಡೂ ಬೆರೆತಿದ್ದವು. ಇತ್ತೀಚೆಗೆ ಯಾರ ರಕ್ತವನ್ನೂ ಅವಳು ಪಡೆದಿರಲಿಲ್ಲ. ನಿಮ್ಮ ಜೊತೆ ಅವಳಿ ಹುಟ್ಟಿದ್ದರಾ ಅಂತ ಕೇಳಿದರು. ಒಬ್ಬ ಅಣ್ಣನೋ ತಮ್ಮನೋ ಹುಟ್ಟಿದ್ದ, ಮೂರು ತಿಂಗಳಿಗೇ ತೀರಿಕೊಂಡಿದ್ದ. ಹೊಟ್ಟೆಯಲ್ಲಿದ್ದಾಗ ಅವನ ರಕ್ತದ ಬೀಜ ಇವಳ ಮೂಳೆಗೆ ಸೇರಿತ್ತು. ಇಪ್ಪತ್ತೈದು ವರ್ಷ ಆದರೂ ಅವನ ರಕ್ತ ಅವಳ ಮೈಯಲ್ಲಿ ಹುಟ್ಟುತ್ತಲೇ ಇತ್ತು.

ಲ್ಯಾಬಿನಲ್ಲಿ ಮಾತ್ರ ಗುಂಪು ಬದಲಿಸುವುದು ಹೊಸದಲ್ಲ. ಕಾಫಿ ಬೀಜದ ಒಂದು ಕಿಣ್ವದಿಂದ ಬಿ ರಕ್ತದ ಸಕ್ಕರೆ ಬಿಡಿಸಿ ಓ ಮಾಡಿದ್ದು 1980ರ ದಶಕದಲ್ಲೇ. ಈಗ ಮನುಷ್ಯರ ಕರುಳಿನಲ್ಲಿರುವ ಬ್ಯಾಕ್ಟೀರಿಯಾದ ಕಿಣ್ವಗಳಿಂದ ಎ ರಕ್ತವನ್ನೂ ಓ ಮಾಡುವ ಪ್ರಯತ್ನ ನಡೆದಿದೆ. ಇದೆಲ್ಲ ಬಾಟಲಿಯಲ್ಲಿರುವ ರಕ್ತಕ್ಕೆ. ಕಾಫಿ ಕುಡಿದರೆ ಏನೂ ಆಗುವುದಿಲ್ಲ. ಧಾರವಾಡದವರು ಚಾ ಕುಡಿಯುವವರು, ಆ ಚಿಂತೆಯೂ ಬೇಡ.

ಕೋಲಾರದ ಸುದ್ದಿಯೊಂದನ್ನೂ ಇಲ್ಲೇ ಹೇಳಬೇಕು. ಹೃದಯದ ಆಪರೇಷನ್‌ಗೆ ಸೇರಿದ್ದ 38 ವರ್ಷದ ಹೆಣ್ಣುಮಗಳು ಓ ಪಾಸಿಟಿವ್. ಆದರೆ ಯಾವ ಓ ಪಾಸಿಟಿವ್ ರಕ್ತವೂ ಅವಳಿಗೆ ಹೊಂದಲಿಲ್ಲ. ಮನೆಯ 20 ಜನರ ರಕ್ತ ನೋಡಿದರು, ಅದೂ ಹೊಂದಲಿಲ್ಲ. ರಕ್ತ ಏರಿಸದೆಯೇ ಆಪರೇಷನ್ ಮುಗಿಸಿದರು. ಬೆಂಗಳೂರಿನ ರೋಟರಿ-ಟಿಟಿಕೆ ರಕ್ತ ಕೇಂದ್ರದಿಂದ ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗಿ, ಸುಮಾರು ಹತ್ತು ತಿಂಗಳ ಹುಡುಕಾಟದ ನಂತರ ಹಿಂದೆಲ್ಲೂ ಕಾಣದ ಗುರುತೊಂದು ಸಿಕ್ಕಿತು. 2025ರಲ್ಲಿ ಅದಕ್ಕೆ ಕ್ರಿಬ್ (CRIB) ಅಂತ ಹೆಸರಿಟ್ಟರು. ಅದರ ಕೊನೆಯ ಎರಡು ಅಕ್ಷರ ಇಂಡಿಯಾ ಮತ್ತು ಬೆಂಗಳೂರಿನದು. ಅವಳ ರಕ್ತ ಹುಟ್ಟಿನಿಂದ ಹಾಗೇ ಇತ್ತು. ಎ, ಬಿ, ಡಿ ಮೂರನ್ನೇ ನೋಡುವ ಟೈಲ್ಸಿಗೆ ಅದು ಕಾಣುತ್ತಿರಲಿಲ್ಲ ಅಷ್ಟೇ. ಹೀಗೆ ಗುರುತಿಸಿದ ರಕ್ತ ಗುಂಪಿನ ಪದ್ಧತಿಗಳೇ ಈಗ 40ಕ್ಕೂ ಜಾಸ್ತಿ ಇವೆ.

ನಿಮ್ಮ ಹತ್ತಿರ ತಾಳೆಯಾಗದ ಎರಡು ಕಾರ್ಡು ಇದ್ದರೆ ಹಳೆಯದನ್ನು ಹರಿದು ಬಿಸಾಡಬೇಡಿ. ಎರಡನ್ನೂ ತೆಗೆದುಕೊಂಡು ರಕ್ತ ಕೇಂದ್ರಕ್ಕೆ ಹೋಗಿ, ಎರಡು ಕಡೆಯಿಂದ ಪರೀಕ್ಷೆ ಮಾಡಿಸಿ. ಕಸಿ ಆಗಿದ್ದರೆ, ಇತ್ತೀಚೆಗೆ ರಕ್ತ ಏರಿಸಿದ್ದರೆ ಹೇಳಿ. ಬೆಟಗೇರಿಯ ತಂಗಿ ಹಾಗೇ ಮಾಡಿದಳು. ಅವಳಿಗೆ ಆಂಟಿ-ಡಿ ಕೊಟ್ಟರು, ಹೆಣ್ಣುಮಗು ಹುಟ್ಟಿತು. ಫೈಲಿನ ಮೊದಲ ಪುಟದಲ್ಲಿ ಡಾಕ್ಟರು ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದುಕೊಟ್ಟರು: 'ಎ, ವೀಕ್ ಡಿ. ರಕ್ತ ಕೊಡುವಾಗ ಪಾಸಿಟಿವ್, ಪಡೆಯುವಾಗ ನೆಗೆಟಿವ್.'

ತೊಟ್ಟಿಲ ಕಾರ್ಯಕ್ರಮಕ್ಕೆ ಬ್ಯಾಡಗಿಯಿಂದ ಕಾಕಾ ಬಂದಿದ್ದರು. ಲೈಸೆನ್ಸಿನಲ್ಲಿ ಇನ್ನೂ ಓ ಪಾಸಿಟಿವ್ ಅಂತಲೇ ಇತ್ತು. ನವೀಕರಣಕ್ಕೆ ಹೋದಾಗ ಬದಲಿಸುತ್ತಾರಂತೆ. ಫೈಲು ಕೈಗೆ ಸಿಕ್ಕಿದ್ದೇ ತಡ, ಕನ್ನಡಕ ಏರಿಸಿಕೊಂಡು ಆ ಕೆಂಪು ಸಾಲನ್ನು ಎರಡು ಸಲ ಓದಿದರು.

"ಕೊಡೂವಾಗ ಒಂದು, ತಗೊಳ್ಳೂವಾಗ ಒಂದು," ಅಂದರು. "ಇದು ನಮ್ಮ ಪ್ಯಾಟ್ಯಾಗಿನ ತಕ್ಕಡಿ ಆತಲ್ಲವ್ವಾ!"